ಡಿಜೆ ಕಾಕಾನ ಲ್ಯಾಪ್‌ಟಾಪ್ ಪಥ್ಯ

ನಮ್ಮ ಕಾಕಾ ಮಸ್ಕಿ, ಸಿಂಧನೂರು, ಲಿಂಗಸುಗೂರು ಮೂರೂ ಕಡೆ ಹೆಸರು ಮಾಡಿದ ಡಿಜೆ. ಆದರೆ ಆತ ಇವತ್ತಿನವರೆಗೆ ಒಂದೇ ಒಂದು ಹಾಡನ್ನೂ ಕೇಳಿಲ್ಲ! ನಂಬುವುದಿಲ್ಲವೇ? ಕಿವಿ ಮಂದ ಇರಬೇಕು ಎಂದುಕೊಳ್ಳಬೇಡಿ. ಅರವತ್ತೈದರ ವಯಸ್ಸಿನಲ್ಲೂ ಅವನ ಕಿವಿ ಪಕ್ಕದ ಓಣಿಯಲ್ಲಿ ಸೂಜಿ ಬಿದ್ದರೂ ಹಿಡಿಯುತ್ತದೆ. ಮದುವೆ ಮನೆಯವರೆಲ್ಲ ಅವನ ಹಾಡಿಗೆ ಮೈಮರೆತು ಕುಣಿಯುತ್ತಿರುವಾಗ ಆತ ಮಾತ್ರ ಸ್ಪೀಕರಿನ ಹಿಂದೆ ಕಣ್ಣು ಮುಚ್ಚಿ ನಿಂತಿರುತ್ತಾನೆ. ನೋಡಿದವರು ‘ಆಹಾ, ಯಜಮಾನರು ಸಂಗೀತದಲ್ಲಿ ಮುಳುಗಿಬಿಟ್ಟಿದ್ದಾರೆ’ ಎನ್ನುತ್ತಾರೆ. ಅವನು ಕಾಯುತ್ತಿರುವುದು ಹಾಡಿನ ನಡುವೆ ಎಲ್ಲಾದರೂ ‘ಟಪ್’ ಎಂಬ ಸದ್ದು ಬಂದೀತೇ ಎಂದು! ಈಗ ಹೋಗಿದ್ದು ಯಾವ ಭಾಷೆಯ ಹಾಡು ಎಂದು ಕೇಳಿ, ಹೇಳಲಾರ. ಎಷ್ಟು ಸಲ ‘ಟಪ್’ ಅಂತು ಎಂದು ಕೇಳಿ, ಯಾವ ಯಾವ ನಿಮಿಷದಲ್ಲಿ ಎಂಬುದನ್ನೂ ಸೇರಿಸಿ ಹೇಳುತ್ತಾನೆ.

ಡಿಜೆ ಆಗುವ ಮೊದಲು ಕಾಕಾ ಲೈನ್‌ಮನ್ ಆಗಿದ್ದ. ಮಸ್ಕಿ ಸುತ್ತಲಿನ ಕಂಬಗಳಲ್ಲಿ ಅವನು ಹತ್ತದ ಕಂಬವಿಲ್ಲ. ಕರೆಂಟ್ ಇದ್ದಾಗ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ಹೋದಾಗ ಮಾತ್ರ ಊರಿಗೆ ಊರೇ ಅವನ ಹೆತ್ತವರನ್ನೂ ಸೇರಿಸಿ ನೆನೆಯುತ್ತಿತ್ತು. ನಿವೃತ್ತಿಯಾದ ಮೇಲೆ ಬೈಯುವವರಿಲ್ಲದೆ ಬೇಜಾರಾಯಿತೋ ಏನೋ, ಸ್ಪೀಕರು, ಮಿಕ್ಸರು, ಒಂದು ವಿಂಡೋಸ್ ಲ್ಯಾಪ್‌ಟಾಪು ತಂದು ಡಿಜೆ ಆಗಿಬಿಟ್ಟ!

ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಅಣ್ಣನ ಮಗಳು, ಅದರಲ್ಲೂ ಕಂಪ್ಯೂಟರ್ ಬಲ್ಲವಳು ಎಂದ ಮೇಲೆ ಕಾಕಾನ ಲ್ಯಾಪ್‌ಟಾಪಿಗೆ ಡಾಕ್ಟರು ಬೇರೆ ಯಾರಾಗಬೇಕು? ಕಾಕಿಯ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ, ಎದೆಗವಚಿಕೊಂಡು ಬರುತ್ತಾನೆ. ಸಾಲಿನಲ್ಲಿ ನಿಂತವರನ್ನೆಲ್ಲ ಸರಿಸಿ ಟೇಬಲ್ಲಿನ ಮೇಲೆ ಇಡುತ್ತಾನೆ.

“ಯವ್ವಾ, ಇದರ ನಾಡಿ ಹಿಡದ ನೋಡು.”

“ಏನಾಗೇತಿ ಕಾಕಾ ಇದಕ್ಕ?”

“ಇದಕ್ಕೇನೂ ಆಗಿಲ್ಲ. ನನಗ ಹೆದರಿಕಿ ಆಗೇತಿ!”

ಹೀಗೆ ಶುರುವಾಯಿತು ನೋಡಿ, ಲ್ಯಾಪ್‌ಟಾಪಿನ ಪಥ್ಯ. ಮೊದಲನೆಯದು ಇಂಟರ್ನೆಟ್ಟಿನ ಉಪವಾಸ. ಮದುವೆಗೆ ಮೂರು ದಿನ ಇರುವಾಗಲೇ ವೈಫೈ, ಬ್ಲೂಟೂತ್ ಎರಡೂ ಬಂದ್. ಅಪ್‌ಡೇಟುಗಳೆಲ್ಲ ಹಿಂದಿನ ಮದುವೆ ಮುಗಿದ ಮರುದಿನವೇ ನನ್ನ ಅಂಗಡಿಯಲ್ಲಿ, ನನ್ನ ಕಣ್ಣೆದುರಿಗೇ ಆಗಬೇಕು. ಆದ ಮೇಲೆ ಮುಂದಿನವು ತಾವಾಗಿ ಬರದಂತೆ ತಡೆಹಿಡಿದು, ಎಷ್ಟು ದಿನದ ತಡೆ ಎಂದು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಬೇಕು. ಎರಡನೆಯದು ನಿದ್ದೆಗೇಡು. ಹತ್ತು ನಿಮಿಷ ಮುಟ್ಟದಿದ್ದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತದಲ್ಲ, ಅದನ್ನು ತೆಗೆಸಿದ. “ಮದವ್ಯಾಗ ದುಡಿಯಾಕ ಬಂದಾವರು ಯಾರರ ಮಲಗ್ತಾರೇನು?” ಎಂದು ನನ್ನನ್ನೇ ಗದರಿದ. ಮುಚ್ಚಳ ಮುಚ್ಚಿದರೂ ಎಚ್ಚರವಿರಬೇಕು ಎಂದ. ಅದನ್ನೂ ಮಾಡಿಕೊಟ್ಟೆ. 

ಆಮೇಲೆ ಬಂತು ಯುಎಸ್‌ಬಿಯ ವಿಷಯ. ವಿದ್ಯುತ್ ಉಳಿಸಲೆಂದು ಲ್ಯಾಪ್‌ಟಾಪು ತನ್ನ ಬದಿಯ ಕಿಂಡಿಗಳಿಗೆ ಆಗಾಗ ಕರೆಂಟ್ ಕಡಿಮೆ ಮಾಡುತ್ತದೆ, ಮಿಕ್ಸರಿನ ವೈರು ಅಲ್ಲೇ ಚುಚ್ಚಿರುವುದರಿಂದ ಹಾಡು ತಟ್ಟನೆ ಕಡಿಯಬಹುದು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಕಾಕಾನ ಮುಖ ಕೆಂಪಾಯಿತು.

“ಲೋಡ್ ಶೆಡ್ಡಿಂಗ್ ಮಾಡತೈತೇನು ಇದು? ನನಗ? ಲೈನ್‌ಮನ್‌ಗ?”

ನಾನು ಅದನ್ನು ತೆಗೆದುಹಾಕುವವರೆಗೆ ಕುರ್ಚಿಯಿಂದ ಏಳಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ, ಇನ್ನು ಮುಂದೆ ವೈರು ಈ ಕಿಂಡಿಗೇ ಹೋಗಬೇಕು ಎಂದು ಅದರ ಪಕ್ಕ ಒಂದು ಕುಂಕುಮದ ಬೊಟ್ಟು ಇಟ್ಟ!

ವೈರಸ್ ಹುಡುಕುವ ಕೆಲಸ ಹಾಡಿನ ಫೋಲ್ಡರ್ ಬಿಟ್ಟು ಉಳಿದ ಕಡೆ ನಡೆಯಲಿ ಎಂದು ಮಾಡಿದೆವು. ಪೆನ್‌ಡ್ರೈವಿನ ಹಾಡುಗಳನ್ನೆಲ್ಲ ಲ್ಯಾಪ್‌ಟಾಪಿನೊಳಗೇ ಇಳಿಸಿದೆವು. ವಿಂಡೋಸಿನ ‘ಟಿಂಗ್’ ‘ಟಣ್’ ಸದ್ದುಗಳ ಬಾಯಿ ಕಟ್ಟಿದೆವು. ಬಫರ್ ಎಂದರೇನು ಎಂದು ತಿಳಿಸಿ ಹೇಳುವುದರೊಳಗೆ ನನಗೆ ಸಾಕುಸಾಕಾಯಿತು. ಕೊನೆಗೆ, “ನಳದಾಗ ನೀರ ಸಣ್ಣಗ ಬಂದ್ರೂ ಅಡಗಿ ನಿಲ್ಲಬಾರದಂತ ಕಾಕಿ ಡ್ರಮ್ ತುಂಬಿ ಇಡತಾಳಲ್ಲ, ಹಂಗ ಕಾಕಾ. ಹಾಡಿನ ಡ್ರಮ್ ಅದು” ಎಂದೆ. ಅರ್ಥವಾಯಿತು. ಆದರೆ “ಹಂಗಾರ ಎರಡ ಡ್ರಮ್ ಇಡು” ಎಂದು ಗಂಟುಬಿದ್ದ! ಬಫರ್ ದೊಡ್ಡದಾದರೆ ಬಟನ್ ಒತ್ತಿದ ಮೇಲೆ ಹಾಡು ತಡವಾಗಿ ಬರುತ್ತದೆ ಎಂದರೂ ಕೇಳಲಿಲ್ಲ. “ತಡಾ ಆಗಿ ಬರಲಿ, ಬರೂದು ನಿಲ್ಲಬಾರದು” ಎಂದ.

ಇಷ್ಟೆಲ್ಲ ಆದ ಮೇಲೆ ಪ್ರತಿ ಮದುವೆಯ ಹಿಂದಿನ ದಿನ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತಾಲೀಮು. ಆಗ ಕಾಕಿ ಅಡುಗೆಮನೆಯ ಮಿಕ್ಸಿ ಹಚ್ಚುವಂತಿಲ್ಲ. ಹಚ್ಚಿದರೆ ಲೈನಿನಲ್ಲಿ ‘ಗೊರ್’ ಎನ್ನುತ್ತದಂತೆ! ಒಮ್ಮೆ ಕಾಕಿ ಮೂಲೆಯಲ್ಲಿದ್ದ ಒರಳಲ್ಲಿ ಚಟ್ನಿ ಅರೆದಳು. ತಾಟಿಗೆ ಬಡಿಸಿ, “ತಿನ್ರಿ. ಚಲೋತ್ನ್ಯಾಗ ಕಿವಿಗೊಟ್ಟ ತಿನ್ರಿ. ಎಲ್ಲೂ ಟಪ್ ಅನ್ನಂಗಿಲ್ಲ” ಎಂದಳು. ಕಾಕಾ ತಲೆ ಎತ್ತದೆ ತಿಂದ.

ಈ ಹೆದರಿಕೆ ಅಂಟುರೋಗ ನೋಡಿ. ನನಗೂ ಅಂಟಿತು. ಅಂಗಡಿಯಲ್ಲಿ ಯಾರದೋ ಮೊಬೈಲ್ ‘ಟಿಂಗ್’ ಎಂದರೆ ಸಾಕು, ಎದೆ ಧಸಕ್ ಎನ್ನುತ್ತಿತ್ತು. ತಾನು ಎಲ್ಲಿಗೆ ಹೋದರೂ ನಾನು ಜೊತೆಗಿರಲೇಬೇಕು ಎಂದು ಕಾಕಾನ ಹಟ ಬೇರೆ!

ಲಿಂಗಸುಗೂರಿನಲ್ಲಿ ಒಂದು ಮುಸ್ಲಿಂ ಮನೆತನದ ಮದುವೆ. ನಡುಬೇಸಗೆಯ ಮಧ್ಯಾಹ್ನ. ಲ್ಯಾಪ್‌ಟಾಪ್ ಬಿಸಿಯಾದರೆ ನಿಧಾನವಾಗುತ್ತದೆ ಎಂದು ನಾನೇ ಎಂದೋ ಹೇಳಿದ್ದೆ, ನನ್ನ ತಪ್ಪು. ವೇದಿಕೆಯ ಮೇಲೆ ಮದುಮಗನಿಗೆಂದು ಇಟ್ಟಿದ್ದ ದೊಡ್ಡ ಕೂಲರು ನಾನು ಕೈತೊಳೆದು ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಕಡೆ ಮುಖ ಮಾಡಿತ್ತು! ಅಲ್ಲಿ ಶೇರ್ವಾನಿ ತೊಟ್ಟ ಹುಡುಗ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದಾನೆ, ಇಲ್ಲಿ ಲ್ಯಾಪ್‌ಟಾಪ್ ತಣ್ಣಗೆ ಕೂತಿದೆ. ಹುಡುಗನ ತಂದೆ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಕ್ಯಾ ಚಾಚಾ, ದುಲ್ಹಾ ಉನೆ ಕಿ ಯೇ ಡಬ್ಬಾ?”

ಮದುಮಗ ಅವನೋ ಈ ಡಬ್ಬಿಯೋ ಎಂದು ಅವರು ಕೇಳಿದ್ದು ಪೂರ್ತಿ ನ್ಯಾಯವಾಗಿತ್ತು. ಕಾಕಾ ಕೈಮುಗಿದು, “ಸಾಹೇಬ್ರ, ಹುಡುಗ ಬಿಸಿ ಆದ್ರ ಶರಬತ್ತ ಕೊಡಬಹುದು. ಇದಕ್ಕ ಏನ್ ಕೊಡ್ಲಿ?” ಎಂದ. ಅವರು ನಕ್ಕುಬಿಟ್ಟರು. ಕೂಲರನ್ನು ಇಬ್ಬರಿಗೂ ತಾಗುವಂತೆ ಓರೆಯಾಗಿ ನಿಲ್ಲಿಸಿ ಹೋದರು. ಹುಡುಗನೂ ಉಳಿದ, ಡಬ್ಬಿಯೂ ಉಳಿಯಿತು.

ಇನ್ನು ಸಿಂಧನೂರಿನ ಪಕ್ಕದ ಆರ್.ಎಚ್. ಕ್ಯಾಂಪಿನದು. ಹಿಂದೆ ನಿರಾಶ್ರಿತರಾಗಿ ಬಂದು ಅಲ್ಲಿ ನೆಲೆಸಿದ ಬಂಗಾಲಿಗಳ ಮನೆ, ಬೆಳಗಿನ ಅರಿಷಿಣದ ಶಾಸ್ತ್ರ. ಕಾಕಾ ಬಂಗಾಲಿ ಮದುವೆ ನೋಡಿದವನಲ್ಲ. ಹಾಡು ನಡೆದಿತ್ತು. ಮದುಮಗಳಿಗೆ ಅರಿಷಿಣ ಹಚ್ಚುತ್ತಿದ್ದಂತೆ ಇದ್ದಕ್ಕಿದ್ದಂತೆ ‘ಉಲುಲುಲುಲು’ ಎಂಬ ಸದ್ದು ಎದ್ದಿತು. ಕಾಕಾ ಟೇಬಲ್ಲಿನ ಅಡಿಗೆ ಹಾರಿದ! ವೈರುಗಳನ್ನೆಲ್ಲ ಒತ್ತಿ ನೋಡಿದ, ಮಿಕ್ಸರಿನ ಗುಂಡಿ ತಿರುವಿದ, ಕೊನೆಗೆ ಧ್ವನಿಯನ್ನು ಪೂರ್ತಿ ಇಳಿಸಿದ. ‘ಉಲುಲುಲು’ ನಿಲ್ಲಲಿಲ್ಲ. ಬೆವರು ಸುರಿಯುವ ಮುಖ ಎತ್ತಿ ನನ್ನನ್ನು ನೋಡಿದ.

“ಯವ್ವಾ, ಬಂದ್ ಮಾಡಿದ್ರೂ ಬರಾಕತ್ತೈತಿ!”

ಮದುಮಗಳ ಸೋದರಮಾವ, ಇಲ್ಲಿಯೇ ಹುಟ್ಟಿ ಬೆಳೆದು ಗದ್ದೆ ಮಾಡಿಕೊಂಡವರು, ಬಗ್ಗಿ ಟೇಬಲ್ಲಿನ ಅಡಿಗೆ ಇಣುಕಿದರು. “ಯಜಮಾನ್ರ, ಅದು ನಮ್ಮ ಹೆಣ್ಮಕ್ಕಳು ಬಾಯಿಲೆ ಮಾಡೂ ಮಂಗಳ ಸದ್ದು. ಅವರಿಗೆ ಬಟನ್ ಇಲ್ರಿ!”

ನಾನು ವಾರಗಟ್ಟಲೆ ನಕ್ಕೆ. ಕಾಕಾ ನಗಲಿಲ್ಲ. ನಗದೇ ಇದ್ದುದಕ್ಕೆ ಕಾರಣ ಇತ್ತು ಎಂಬುದು ನನಗೆ ಗೊತ್ತಾದದ್ದು ಮೊನ್ನೆ, ಪಾಮನಕಲ್ಲೂರಿನಿಂದ ಫೋನ್ ಬಂದಾಗ.

ಫೋನ್ ಮಾಡಿದ್ದು ಒಬ್ಬ ಹೆಣ್ಣುಮಗಳು. “ನಮ್ಮನ್ಯಾಗ ಕುಬಸ ಐತ್ರಿ. ಡಿಜೆ ಕಾಕಾರ ಬರಬೇಕ್ರಿ. ಬ್ಯಾರೆ ಯಾರೂ ಬ್ಯಾಡ.” ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸುವ ಸಂಭ್ರಮ. ಸಂತೋಷದಿಂದ ಒಪ್ಪಿಕೊಂಡೆ. ಸಂಜೆ ಕಾಕಾನಿಗೆ ಊರು, ಮನೆತನ ಹೇಳಿದೆ. ಅವನು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತ.

“ನಾ ಹೋಗಂಗಿಲ್ಲ. ಆ ಮನಿ ಹೊಸ್ತಲಾ ತುಳಿಯಾಕ ನನಗ ಮಾರಿ ಇಲ್ಲ.”

ಆಮೇಲೆ ಬಿಡಿಸಿ ಬಿಡಿಸಿ ಹೇಳಿದ. ನಾಲ್ಕು ವರ್ಷದ ಹಿಂದೆ, ಡಿಜೆ ಶುರು ಮಾಡಿದ ಹೊಸದರಲ್ಲಿ, ಅದೇ ಮನೆಯ ಮದುವೆಗೆ ಹೋಗಿದ್ದನಂತೆ. ವಾಲಗದವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಿನ ವಾಲಗವನ್ನು ಲ್ಯಾಪ್‌ಟಾಪಿನಿಂದಲೇ ಹಾಕಿರಿ ಎಂದರು. ಅದಕ್ಕೂ ಹಿಂದಿನ ದಿನ ಲ್ಯಾಪ್‌ಟಾಪು ಅಪ್‌ಡೇಟಿಗೆ ಯಾವ ವೇಳೆ ಎಂದು ಕೇಳಿತ್ತು. ಇವನು ಓದದೆಯೇ ಮರುದಿನದ ಯಾವುದೋ ವೇಳೆ ಒತ್ತಿಬಿಟ್ಟಿದ್ದ. ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ, ಎಲ್ಲರೂ ಅಕ್ಕಿಕಾಳು ಹಿಡಿದು ಕೈ ಎತ್ತಿದಾಗ ವಾಲಗ ನಿಂತಿತು. ಪರದೆಯ ಮೇಲೆ ಚುಕ್ಕಿಗಳು ಸುತ್ತತೊಡಗಿದವು. ಚಪ್ಪರದಲ್ಲಿ ಉಸಿರಾಡಿದರೂ ಕೇಳುವಷ್ಟು ಮೌನ. ಆ ಮೌನದಲ್ಲಿ ಮಂಟಪದ ಕಡೆಯಿಂದ ಒಂದು ‘ಆಕ್ಷೀ!’

ಗಂಡಿನ ಸೋದರತ್ತೆ ಎದ್ದು ನಿಂತು, “ಯಾರ ಸೀನಿದವರು?” ಎಂದು ಕೂಗಿದಳು. “ನಾನ ಅತ್ತಿ” ಎಂದ ಮದುಮಗ. ತಾಳಿ ಏನೋ ಕಟ್ಟಿದ್ದಾಯಿತು. ಆದರೆ ಮಾತು ಉಳಿಯಿತು. ಮದುಮಗಳಾಗಿದ್ದ ಹುಡುಗಿಗೆ ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಮಸ್ಕಿಯ ಚಹಾದಂಗಡಿಯಲ್ಲಿ ಯಾರೋ ಅದರ ಸುದ್ದಿ ಎತ್ತಿ, “ಅಕ್ಕಿಕಾಳ ಬೀಳೂ ಮುಂದ ವಾಲಗಾ ನಿಂತಿತ್ತಲ್ಲ, ಇನ್ನೇನಾಗತೈತಿ” ಎಂದಿದ್ದನ್ನು ಕಾಕಾ ತನ್ನ ಕಿವಿಯಿಂದಲೇ ಕೇಳಿದ್ದ.

“ನಾ ಒತ್ತಿದ್ದು ಒಂದ ಬಟನ್ ಯವ್ವಾ. ಅನಿಸಿಕೊಂಡಾಕಿ ಆಕಿ.”

ಆ ಚುರುಕು ಕಿವಿ ಇಷ್ಟು ವರ್ಷ ಏನನ್ನು ಹೊತ್ತುಕೊಂಡು ತಿರುಗುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕಾಕಿ ಬೈದು ಹೊರಡಿಸಿದಳು. ಪಾಮನಕಲ್ಲೂರಿನ ದಾರಿಯುದ್ದಕ್ಕೂ ಟೆಂಪೋದಲ್ಲಿ ಕಾಕಾ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಅಲ್ಲಿ ಸೋದರತ್ತೆ ಬಾಗಿಲಲ್ಲೇ ಎದುರಾದಳು. ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು. ಹಾಡು ಶುರುವಾಯಿತು. ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು, ಆರತಿ ಬೆಳಗಿದರು. ಮೂರು ತಾಸು, ಒಂದೇ ಒಂದು ‘ಟಪ್’ ಇಲ್ಲ. ಎಲ್ಲ ಮುಗಿದ ಮೇಲೆಯೇ ಕಾಕಾ ಸ್ಪೀಕರಿನ ಡಬ್ಬಿಯ ಮೇಲೆ ಕೂತದ್ದು.

ಆಗ ಆ ಬಸುರಿ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಮ್ಮ ಹತ್ತಿರ ಬಂದಳು.

“ಕಾಕಾರ, ಗುರ್ತ ಸಿಕ್ತೇನ್ರಿ?”

ಕಾಕಾ ಕೈಮುಗಿದ. “ತಂಗಿ, ಅವತ್ತ ನನ್ನಿಂದ ತಪ್ಪ ಆತವ್ವಾ. ವಾಲಗಾ ನಿಂತು, ನಿನ್ನ ಗಂಡ ಸೀನಿ...”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸೋದರತ್ತೆ ಎಲ್ಲಿದ್ದಾಳೆ ಎಂದು ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು.

“ಅವರೆಲ್ಲಿ ಸೀನಿದ್ರಿ! ಸೀನಿದಾಕಿ ನಾನ್ರಿ. ಅಕ್ಕಿಕಾಳಿನ ಅರಿಷಿಣ ಮೂಗಿಗೆ ಹೋಗಿತ್ತು.”

ಕಾಕಾನ ಮುಗಿದ ಕೈ ಕೆಳಗಿಳಿಯಿತು.

“ಅತ್ತಿಯವರು ಯಾರ ಅಂತ ಕೇಳಿದಾಗ ನನ್ನ ಜೀವಾನ ಹೋಗಿತ್ರಿ. ನಮ್ಮನಿಯವರ ಮಾರಿ ಸುದ್ದಾ ನಾ ಇನ್ನೂ ನೆಟ್ಟಗ ನೋಡಿದ್ದಿಲ್ಲ. ಹಿಂದ ಮುಂದ ನೋಡದ ‘ನಾನ’ ಅಂದುಬಿಟ್ರು. ಆಮ್ಯಾಲೆ ಮಂದಿ ನನಗ ಏನರ ಅನ್ನಾಕ ಬಂದ್ರ, ಸೀನಿದಾಂವ ನಾನು, ಆಕಿಗ್ಯಾಕ ಅಂತೀರಿ ಅಂತಿದ್ರು. ನಾಕ್ ವರ್ಷ ಹಿಂಗ ಅಂದಾರ್ರಿ.” ಅವಳು ಬಳೆಗಳನ್ನು ಒಮ್ಮೆ ಹಿಂದೆ ಸರಿಸಿಕೊಂಡಳು. “ವಾಲಗಾ ನಿಲ್ಲದ ಹೋಗಿದ್ರ ನಾ ಎಂಥಾವರ ಕೈ ಹಿಡದೀನಿ ಅಂತ ಅವತ್ತ ನನಗ ಹೆಂಗ ಗೊತ್ತಾಗತಿತ್ರಿ? ಅದಕ ನಿಮ್ಮನ್ನ ಕರಸ್ರಿ ಅಂತ ಹಟಾ ಹಿಡದೆ.”

ಅಷ್ಟರಲ್ಲಿ ಅವಳ ಗಂಡ ಊಟದ ತಾಟು ಹಿಡಿದು ಬಂದ. ಸಣ್ಣಗೆ, ಕಪ್ಪಗೆ, ತಲೆ ಎತ್ತಿ ಮಾತಾಡಲೂ ಸಂಕೋಚಪಡುವ ಹುಡುಗ. ಅವನು ಹತ್ತಿರ ಬರುತ್ತಿದ್ದಂತೆ ನಮ್ಮ ಕಾಕಾ, ಅರವತ್ತೈದರ ಹಿರಿಯ, ಎದ್ದು ನಿಂತ.

“ಅಯ್ಯ, ಕೂಡ್ರಿ ಯಜಮಾನ್ರ. ನನಗ್ಯಾಕ ಏಳ್ತೀರಿ?” ಎಂದು ಹುಡುಗ ಗಾಬರಿಯಾದ.

ಕಾಕಾ ಎರಡೂ ಕೈಯಿಂದ ತಾಟು ತೆಗೆದುಕೊಂಡ. ಆ ಹುಡುಗ ಹೆಂಡತಿಯ ಮೊಣಕೈ ಹಿಡಿದು, ಮೆಟ್ಟಿಲು ನೋಡಿ ಹತ್ತು ಎಂದು ಹೇಳುತ್ತ ಅವಳನ್ನು ಒಳಗೆ ಕರೆದುಕೊಂಡು ಹೋಗುವವರೆಗೂ ಕಾಕಾ ತಾಟು ಹಿಡಿದು ನಿಂತೇ ಇದ್ದ.