ಮೊದಲ ಹಲ್ಲು, ಸೋದರಮಾವನ ಗಂಡಾಂತರ

ಹೆಗ್ಗದ್ದೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇವೇಂದ್ರ ಮೂಢನಂಬಿಕೆಯ ಬದ್ಧವೈರಿ! ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಅಪಶಕುನ ಎನ್ನುವ ಗಂಡೆದೆ. ಅಂಥವನಿಗೆ ಬೆಳಿಗ್ಗೆ ಕೆ. ಹೊಸಕೋಟೆಯಿಂದ ತಂಗಿ ಸೌಜನ್ಯ ಫೋನ್ ಮಾಡಿದಳು.

"ಅಣ್ಣಾ, ಪಾಪುಗೆ ಮೇಲಿನ ಹಲ್ಲು ಮೊದ್ಲು ಬಂದ್ಬುಟ್ಟೈತೆ! ಸೋದರಮಾವಂಗೆ ಕೇಡಂತೆ. ನಮ್ಮತ್ತೆ ಅಳ್ತಾ ಕೂತವ್ರೆ."

"ಮೇಲಾದ್ರೂ ಬರ್ಲಿ, ಕೆಳಗಾದ್ರೂ ಬರ್ಲಿ, ನಂಗೇನೇ? ನಾನು ಹೆದರೋ ಪೈಕಿ ಅಲ್ಲ!" ಎಂದು ಘರ್ಜಿಸಿ ಫೋನಿಟ್ಟ.

ಆದರೆ ಅಕ್ಕಿರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಬೈಕಿನ ಕೀ ತೆಗೆದುಕೊಂಡವನು ಮತ್ತೆ ಮೊಳೆಗೇ ತೂಗುಹಾಕಿದ. ತೋಟದಲ್ಲಿ ಮರದ ಕೊಂಬೆ ಕಡಿಯುತ್ತಿದ್ದರು, ಅತ್ತಲೂ ಹೋಗಲಿಲ್ಲ. ತಲೆ ಮೇಲೆ ಬಿದ್ದರೆ?

"ಗಂಗಾಮಣೀ, ಯಾಕೋ ಎದೆ ಡವಡವ ಅಂತೈತೆ."

"ಹೆದರೋ ಪೈಕಿ ಅಲ್ಲ ಅಂದ್ರಿ?" ಎಂದಳು ಹೆಂಡತಿ.

"ಹೆದರಿಕೆಯಲ್ಲ ಕಣೇ! ತಂಗಿ ಮನೆಗೆ ಹೋಗಿ ಬಾಳ ದಿನ ಆಯ್ತಲ್ಲ ಅಂತ!"

ಇಬ್ಬರೂ ಬಸ್ಸು ಹಿಡಿದು ಹೊಸಕೋಟೆ ಮುಟ್ಟಿದರು. ಸೌಜನ್ಯಳ ಅತ್ತೆ ಭದ್ರಮ್ಮ ಶಾಂತಿಗೆ ಸಜ್ಜಾಗಿಯೇ ಕೂತಿದ್ದರು. ಅಗಲ ತಟ್ಟೆಯ ತುಂಬ ಎಣ್ಣೆ! ಮಾವ ಕೂಸಿನ ಮುಖವನ್ನು ನೇರ ನೋಡಬಾರದು, ಎಣ್ಣೆಯಲ್ಲಿ ನೆರಳು ನೋಡಬೇಕಂತೆ. ಅಲ್ಲಿಯತನಕ ಅದರ ಬಾಯಿಗೆ ಯಾರೂ ಕೈ ಹಾಕಬಾರದೆಂದು ಬೆಳಿಗ್ಗೆಯಿಂದಲೂ ಅವರ ಕಟ್ಟಪ್ಪಣೆ.

ಸೌಜನ್ಯ ಕೂಸನ್ನು ತಟ್ಟೆಯ ಮೇಲೆ ಎತ್ತಿ ಹಿಡಿದಳು, ದೇವೇಂದ್ರ ಎಣ್ಣೆಯೊಳಗೆ ಬಗ್ಗಿ ನೋಡಿದ. ಗುಂಡು ಕೆನ್ನೆ, ಜೊಲ್ಲು ಸುರಿಸುವ ಬಾಯಿ, ಮೇಲಿನ ಒಸಡಲ್ಲಿ ಬೆಳ್ಳಗೆ... ಅಯ್ಯೋ, ಇದೆ!

ಅಷ್ಟರಲ್ಲಿ ಕೂಸು ತಟ್ಟೆಗೆ ಜಾಡಿಸಿ ಒದ್ದಿತು. ಎಣ್ಣೆಯೆಲ್ಲ ಮಾವನ ಮುಖಕ್ಕೆ, ನೆಲಕ್ಕೆ! ಅದನ್ನು ಕಂಡು ಕೂಸು ಕೇಕೆ ಹಾಕಿ ನಕ್ಕಿತು. ನಕ್ಕ ರಭಸಕ್ಕೆ ಮೇಲಿನ ಹಲ್ಲು ಕಳಚಿ ನಾಲಗೆ ಮೇಲೆ ಬಿತ್ತು! ಗಂಗಾಮಣಿ ಬೆರಳಲ್ಲಿ ತೆಗೆದು ನೋಡಿದರೆ, ಬೆಳಿಗ್ಗೆ ತಿನಿಸಿದ ಅವಲಕ್ಕಿ!

"ಹಂಗಾರೆ ಕೆಳಗೆ?" ಎಂದು ದೇವೇಂದ್ರ ಆತುರದಲ್ಲಿ ಬೆರಳು ತೂರಿಸಿದ. ಕಟಕ್!

"ಅಯ್ಯಯ್ಯೋ! ಕೆಳಗೆ ಬಂದೈತೆ! ಕಚ್ಬುಡ್ತು! ನಾ ಬದುಕ್ಬುಟ್ಟೆ ಕಣ್ರವ್ವಾ!"

ಸಂತೋಷ ತಡೆಯಲಾರದೆ ಕೂಸಿನ ಮುಂದೆ ಎರಡೂ ಕೈ ಎತ್ತಿ ಕುಣಿಯತೊಡಗಿದ.

"ಕುಣೀಬ್ಯಾಡ್ರೀ, ನೆಲ ಎಲ್ಲಾ ಎಣ್ಣೆ..." ಎಂದು ಗಂಗಾಮಣಿ ಕೂಗುವುದರೊಳಗೆ ಸೋದರಮಾವ ಸೊಯ್ಯನೆ ಜಾರಿ, ಮಕಾಡೆ ಬಿದ್ದು, ಹೊಸಿಲಿಗೆ ಬಾಯಿ ಕೊಟ್ಟ. ಎದ್ದಾಗ ಮೇಲಿನ ಸಾಲಿನ ಮುಂದಿನ ಹಲ್ಲು ಅಂಗೈಯಲ್ಲಿತ್ತು.

ಗಂಗಾಮಣಿ ಸೆರಗನ್ನು ಬಾಯಿಗೊತ್ತಿ ನಗು ಹಿಡಿಯಲು ನೋಡಿದಳು. ಆಗಲಿಲ್ಲ.

"ಕೂಸಿಗೆ ಮೇಲಿನ ಹಲ್ಲು ಬರೋದ್ರೊಳಗೆ ಮಾವಂದು ಹೋಗ್ಬುಡ್ತಲ್ರೀ!"