ಬೇಹುಗಾರನ ರಾಗಕ್ಕೆ ನನ್ನ ಬೈಗುಳ

ನನ್ನ ಹೆಂಡತಿ ಅವ್ರಿಲ್ ನನ್ನನ್ನು ಎಲ್ಲದರಲ್ಲೂ ನಂಬುತ್ತಾಳೆ. ಮನೆಯ ಕೀಲಿಕೈ ಒಪ್ಪಿಸುತ್ತಾಳೆ, ತನ್ನ ತಾಯಿಯನ್ನೂ ಒಪ್ಪಿಸಿ ಹೋಗುತ್ತಾಳೆ (ಅದೂ ವಾರಗಟ್ಟಲೆ). ಆದರೆ ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಅವಳ ಬಾಯಿಗೆ ಬೀಗ.

ಕಾರಣವಿದೆ. ಕಾರ್ನಿವಲ್ ಸೋಮವಾರ ಬೆಳಗಿನ ಜಾವ ನಮ್ಮ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲಿ ಪ್ರತಿ ಪ್ಯಾನ್ ವಾದ್ಯತಂಡವೂ ಒಂದು ‘ಬಾಂಬು’ ಹಾಕಬೇಕು. ಗಾಬರಿ ಬೇಡ. ಯಾವುದೋ ಸಿನಿಮಾದ್ದೋ, ಯುರೋಪಿನ ಮಹಾಮಹಿಮರದ್ದೋ ಪರದೇಶಿ ರಾಗವೊಂದನ್ನು ಹಿಡಿದು ತಂದು, ಅದಕ್ಕೆ ನಮ್ಮ ಕಲಿಪ್ಸೊ ಹಾಡುಗಳ ನಡಿಗೆ ಕಲಿಸಿ, ಎಣ್ಣೆ ಪೀಪಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮ ಪ್ಯಾನುಗಳ ಮೇಲೆ ಏಕಾಏಕಿ ಸಿಡಿಸುವುದು, ಅಷ್ಟೇ. ಯಾವ ರಾಗವೆಂದು ಮೊದಲೇ ಸೋರಿತೋ, ಬಾಂಬು ಠುಸ್. ಈ ವರ್ಷ ತನ್ನ ತಂಡಕ್ಕೆ ರಾಗ ಆರಿಸಿ ಹೊಂದಿಸುವ ಕೆಲಸ ಅವ್ರಿಲಳದ್ದು. ಆ ತಂಡದಲ್ಲಿ ಹೆಂಗಸೊಬ್ಬಳಿಗೆ ಅದು ಸಿಕ್ಕಿದ್ದು ಇದೇ ಮೊದಲು. “ಹೆಂಗಸಿನ ಕೈಲಿ ಬಾಂಬೆಲ್ಲಿ, ಸುರುಸುರು ಬತ್ತಿ” ಎಂದು ಹಿರಿಯರು ನಗಲು ಕಾದು ಕುಳಿತಿದ್ದರು.

“ಯಾವ ರಾಗ ಅವ್ರಿಲ್? ನಾನು ನಿನ್ನ ಗಂಡ.”

“ಅದಕ್ಕೇ ಹೇಳಲ್ಲ. ನಿಂದು ಬಾಯಲ್ಲ ಎಗ್ಬರ್ಟ್, ರೇಡಿಯೋ ಸ್ಟೇಷನ್ನು.”

ಸತ್ಯವನ್ನೇ ಉಸಿರಾಡುವ ಅಂಕಣಕಾರನಿಗೆ ಈ ಮಾತು! ಮನೆಯಲ್ಲಿ ಅವಮಾನಿತನಾದ ನಾನು, ಆತ್ಮಸಾಕ್ಷಿಯುಳ್ಳ ಗಂಡಸರೆಲ್ಲ ಮಾಡುವುದನ್ನೇ ಮಾಡಿದೆ. ಸಿಟ್ಟನ್ನು ಬೀದಿಗೆ ಒಯ್ದೆ.

ಬೀದಿಯಲ್ಲಿ ಆಗ ಬೇಹುಗಾರನೊಬ್ಬನ ಸಿನಿಮಾದ ಹುಚ್ಚು. ಅರ್ಧ ಸಿನಿಮಾ ನಮ್ಮದೇ ಕಡಲ ದಂಡೆಯಲ್ಲಿ ತೆಗೆದದ್ದು. ಆ ಮಹಾಶಯ ನಮ್ಮ ತೆಂಗಿನ ಮರದಿಂದ ಜಿಗಿಯುತ್ತಾನೆ, ನಮ್ಮ ಮೀನುದೋಣಿ ಸುಡುತ್ತಾನೆ, ಕೂದಲು ಮಾತ್ರ ಕೆದರುವುದಿಲ್ಲ. ಸಂಗೀತವೋ, ಒಂದು ದಂಡು ಪಿಟೀಲು, ಒಂದು ಪಟಾಲಂ ತುತ್ತೂರಿ. ನಮ್ಮ ದ್ವೀಪ ಕಂಡಾಗ ಮಾತ್ರ ಯಾರೋ ಒಂದು ಗಿಲಕಿ ಅಲ್ಲಾಡಿಸುತ್ತಾರೆ, ತೊಟ್ಟಿಲ ಕೂಸಿಗೆ ಆಡಿಸಿದಂತೆ. ಇಡೀ ಸಿನಿಮಾದಲ್ಲಿ ಒಂದೇ ಒಂದು ಪ್ಯಾನಿಲ್ಲ! ನನ್ನ ರಕ್ತ ಕುದಿಯಿತು. “ಈ ಸಂಗೀತಕ್ಕೆ ಚಪ್ಪಾಳೆ ಹೊಡೆಯುವವನು ತನ್ನ ಕೆನ್ನೆಗೇ ಹೊಡೆದುಕೊಳ್ಳುತ್ತಿದ್ದಾನೆ” ಎಂದು ಬರೆದೆ.

ಅಭಿಮಾನಿಗಳು ಎದ್ದು ಬಂದರು. ಆ ರಾಗ ಕೇಳಿ ತನ್ನ ಮಂಡಿನೋವು ಹೋಯಿತೆಂದೂ, ನನ್ನ ಅಂಕಣ ಓದಿ ಮರಳಿ ಬಂತೆಂದೂ ಒಬ್ಬ ಅಜ್ಜಿ ಪತ್ರಿಕೆಗೆ ಬರೆದರು. ಟ್ಯಾಕ್ಸಿ ಹತ್ತಿದರೆ ಪ್ರಯಾಣಿಕರೆಲ್ಲ ಒಟ್ಟಾಗಿ ಅದನ್ನೇ ಶಿಳ್ಳೆ ಹಾಕಿದರು. ಹಲ್ಲಿನ ಡಾಕ್ಟರು ಅದನ್ನೇ ಜೋರಾಗಿ ಹಚ್ಚಿ ನನ್ನ ದವಡೆಹಲ್ಲು ಕಿತ್ತರು (ತಾಳಕ್ಕೆ ಸರಿಯಾಗಿ).

ಬೀದಿಯ ಮೂಲೆಯಲ್ಲಿ ಡಬಲ್ಸ್, ಅಂದರೆ ಕಡಲೆ ತುಂಬಿದ ಜೋಡಿರೊಟ್ಟಿ, ಮಾರುವ ಸೂಕ್‌ದೇವನಂತೂ ಎದುರಾಳಿ ತಂಡದಲ್ಲಿ ಪ್ಯಾನ್ ನುಡಿಸುವವನು, ಆ ಸಿನಿಮಾವನ್ನು ಮತ್ತೆ ಮತ್ತೆ ನೋಡಿದವನು.

“ತುತ್ತೂರಿ ಏಳೋ ಜಾಗದಲ್ಲಿ ನನಗೆ ಅಳು ಬಂತು, ಗೊತ್ತಾ? ನಿನಗೆ ಕಿವಿ ಅನ್ನೋದಿದೆಯಾ ಎಗ್ಬರ್ಟಣ್ಣ?”

“ಕಿವಿ ಇರೋದಕ್ಕೇ ಬರೆದೆ. ಖಾರ ಸ್ವಲ್ಪ ಹಾಕಪ್ಪ.”

ಅವನು ಕಡಲೆಯ ಮೇಲೆ ಖಾರ ಸುರಿದ. ಆಮೇಲೆ ನನಗೂ ಅಳು ಬಂತು.

ಹುತಾತ್ಮನಾಗುವ ರುಚಿ ಹತ್ತಿದ ಮೇಲೆ ಬಿಟ್ಟೀತೆ? ಮರುವಾರ ಇನ್ನೊಂದು ಬರೆದೆ: “ಯಾವುದಾದರೂ ತಂಡ ಈ ಗಿಲಕಿರಾಗವನ್ನು ಬಾಂಬು ಮಾಡಿದರೆ ತೀರ್ಪುಗಾರರು ಸೊನ್ನೆ ಕೊಡಲಿ, ಜನ ಬೆನ್ನು ತಿರುಗಿಸಲಿ!”

ಅವ್ರಿಲ್ ಅದನ್ನು ಓದಿ ಮಡಿಸಿಟ್ಟಳು. ಒಲೆಯ ಮೇಲಿನ ಕಲಲೂ ಸೊಪ್ಪಿನ ಸಾರನ್ನೂ ಕೆಳಗಿಳಿಸಿಟ್ಟಳು. ನನಗೆ ಬಡಿಸಲಿಲ್ಲ.

“ಆ ಸಂಗೀತದಲ್ಲಿ ಪ್ಯಾನಿಲ್ಲ ಅಂತ ಬರೆದೆಯಲ್ಲ, ಸರಿಯಾಗೇ ಬರೆದೆ. ಅದಕ್ಕೇ ನಾನು ಹಾಕಿದ್ದೀನಿ.”

“ಏನನ್ನ?”

“ಪ್ಯಾನನ್ನ. ಅದೇ ರಾಗಕ್ಕೆ.”

ನಾನು ಕುರ್ಚಿ ಹುಡುಕಿಕೊಂಡೆ.

“ಅಯ್ಯೋ! ನಾಳೆನೇ ತಪ್ಪಾಯ್ತು ಅಂತ ಬರೀತೀನಿ ಅವ್ರಿಲ್!”

“ಬರಿ. ಇವನು ಯಾಕಪ್ಪ ರಾತ್ರೋರಾತ್ರಿ ಹೊಗಳೋಕೆ ಶುರು ಮಾಡಿದ ಅಂತ ಸೂಕ್‌ದೇವ ಕೇಳಲ್ವಾ? ಹೆಂಡತಿ ಯಾವ ತಂಡ ಅಂತ ಅವನಿಗೆ ಗೊತ್ತಿಲ್ವಾ?”

“ಹಾಗಾದ್ರೆ ಸುಮ್ಮನಿದ್ದುಬಿಡ್ತೀನಿ.”

“ನೀನು? ಸುಮ್ಮನೆ? ಊರೇ ಎದ್ದು ಕೂರುತ್ತೆ.”

“ಮತ್ತೇನು ಮಾಡ್ಲಿ ಹೇಳೇ!”

ಅವಳು ಕೊನೆಗೂ ಸಾರು ಬಡಿಸಿದಳು. “ಬಯ್ಯಿ. ಇನ್ನೂ ಜೋರಾಗಿ ಬಯ್ಯಿ.”

ಬೈದೆ. ಕಾರ್ನಿವಲ್‌ಗೆ ಇನ್ನೂ ವಾರವಿರುವಾಗ ಒಂದು ಭಾನುವಾರ ಮಧ್ಯಾಹ್ನ ಅವಳು ಮೊದಲ ಸಲ ನನ್ನನ್ನು ತಂಡದ ಅಂಗಳಕ್ಕೆ ಕರೆದೊಯ್ದಳು. ಟಾರ್ಪಾಲಿನ ಹಿಂದೆ ಅವಳ ಕೈಯಡಿ ಆ ರಾಗ ಸೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಕುಣಿಯುತ್ತಿತ್ತು. ಗಿಲಕಿ ಇದ್ದ ಜಾಗದಲ್ಲಿ ಪ್ಯಾನುಗಳು ಹಿಂಡುಹಿಂಡಾಗಿ ಬಂದು ಕೂಗಿದವು. ಮಾತು ಬಾರದೆ ಕುಳಿತೆ (ಅವ್ರಿಲ್ ಅದನ್ನು ವಿಶೇಷವಾಗಿ ಗಮನಿಸಿದಳು). ಮನೆಗೆ ಬಂದು ಆ ರಾಗವನ್ನು ‘ಕೋಟು ತೊಟ್ಟ ಕೊಳಚೆ’ ಎಂದು ಬರೆದೆ. ಬರೆಯುವಾಗ ಕಾಲು ತಾಳ ಹಾಕುತ್ತಿತ್ತು.

ಉಪಾಯ ಫಲಿಸಿತು. “ಅತ್ತಿಗೆ ತಂಡ ಆ ರಾಗ ಮುಟ್ಟಲ್ಲ ಬಿಡು,” ಎಂದ ಸೂಕ್‌ದೇವ. “ಮುಟ್ಟಿದ್ರೆ ಸಂಸಾರ ಉಳಿಯುತ್ತಾ?”

ಕಾರ್ನಿವಲ್ ಸೋಮವಾರ, ಬೆಳಕು ಹರಿಯುವ ಹೊತ್ತು. ಬೀದಿ ತುಂಬ ಮೈಗೆ ಕೆಸರು ಮೆತ್ತಿಕೊಂಡ ಜನ, ಅದು ಆ ಬೆಳಗಿನ ಪದ್ಧತಿ. ಪ್ಯಾನುಗಳ ಗಾಲಿಚೌಕಟ್ಟಿನ ಮೇಲೆ ನಿಂತು ಅವ್ರಿಲ್ ಕೋಲೆತ್ತಿದಳು. ಮೊದಲ ಸ್ವರಕ್ಕೇ ಬೀದಿ ಕತ್ತು ಹೊರಳಿಸಿತು, ಎರಡನೆಯದಕ್ಕೆ ಹುಚ್ಚೆದ್ದಿತು. ಅಭಿಮಾನಿಗಳು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ತಂಡದ ಅತಿ ಹಿರಿಯರು ಟೋಪಿ ತೆಗೆದು ಅವ್ರಿಲಳ ತಲೆಗೆ ತೊಡಿಸಿದರು. ನಾನು ಎರಡೂ ಕೈ ಎತ್ತಿ ಕುಣಿಯುತ್ತ ಮುಂದೆ ನುಗ್ಗಿದೆ.

“ಅವನೇ! ರಾಗಾನ ಬೈದವನು ಅವನೇ!” ಸೂಕ್‌ದೇವನ ಕಂಠ.

ಬಕೆಟ್ಟುಗಟ್ಟಲೆ ಕೆಸರು ಬಿತ್ತು. ಕಿವಿ, ಮೂಗು, ಆತ್ಮಸಾಕ್ಷಿ, ಎಲ್ಲ ಮುಚ್ಚಿಹೋಯಿತು.

“ಬಿಡ್ರೋ! ಈ ರಾಗ ಕಟ್ಟಿದವಳು ನನ್ನ ಹೆಂಡತಿ ಕಣ್ರೋ!”

“ಹೌದೇನು? ಕೇಳೇಬಿಡೋಣ. ಅವ್ರಿಲಮ್ಮ, ಈ ಮನುಷ್ಯ ಯಾರು ಗೊತ್ತಾ?” ಎಂದ ಬಕೆಟ್ಟು ಹಿಡಿದಿದ್ದ ಅಪರಿಚಿತನೊಬ್ಬ.

ಅವ್ರಿಲ್ ನುಡಿಸುತ್ತಲೇ ಬಗ್ಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತುಟಿಯ ತುದಿಯಲ್ಲಿ ನಗು ತಡೆದಿದ್ದಳು.

“ಯಾರೋ ಗೊತ್ತಿಲ್ಲ. ತೋಳು ಗಟ್ಟಿ ಇರೋ ಹಾಗಿದೆ. ತಳ್ಳೋಕೆ ಹಚ್ಚಿ.”

ಹಚ್ಚಿದರು. ಪ್ಯಾನು ಹೊತ್ತ ಗಾಲಿಚೌಕಟ್ಟನ್ನು ಏರುಬೀದಿಯಲ್ಲಿ ತಳ್ಳುತ್ತಿರುವಾಗ, ಪಕ್ಕದಲ್ಲಿ ತಳ್ಳುತ್ತಿದ್ದವನು ಕೆಸರಲ್ಲಿ ನನ್ನ ಗುರುತು ಹತ್ತದೆ, ಏದುಸಿರು ಬಿಡುತ್ತ ಕೇಳಿದ:

“ಇಂಥಾ ರಾಗಾನ ಬೈದು ಬರೆದನಲ್ಲ, ಆ ಮನುಷ್ಯನಿಗೆ ಹೆಂಡತಿ ಇದ್ದಾಳಂತಾ?”

“ಇದ್ದಾಳಂತೆ.”

“ಪಾಪ, ಹೇಗೆ ಬಾಳ್ತಾಳೋ!”

“ಅದೇ ನೋಡು,” ಎಂದೆ, ಚೌಕಟ್ಟಿಗೆ ಹೆಗಲು ಕೊಡುತ್ತ.