ಎಲ್ಲರ ಬೆರಳು ನೋಡಿದ ಸಿಸ್ಟರ್

ಕಾಲರಾ ಕಾಣಿಸಿಕೊಂಡ ಊರಿನಲ್ಲಿ ಲಸಿಕೆ ಕುಡಿಸುವ ಸಿಸ್ಟರ್‌ಗೆ ಕಾಲು ನಿಂತಲ್ಲಿ ನಿಲ್ಲುವುದಿಲ್ಲ, ಫಜೀತಿಗಳೂ ಬೆನ್ನು ಬಿಡುವುದಿಲ್ಲ. ಲಸಿಕೆ ಬಂದಿದ್ದೇ ಕಡಿಮೆ, ತಲೆಗೆ ಒಂದೇ ಡೋಸ್. ಕುಡಿಸುವುದು, ಎಡಗೈ ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು ಹಾಕುವುದು, ಮುಂದಿನ ಮನೆಗೆ ಓಡುವುದು. ಯಾರೂ ಬಿಟ್ಟುಹೋಗಬಾರದು ಎಂದು ನನಗೆ ಸದಾ ಒಳಗೊಳಗೇ ಪುಕುಪುಕು.

ಕಡೂರು

ಒಬ್ಬ ಅಜ್ಜನಿಗೆ ಬಾಯಿ ತೆಗೆಯಿರಿ ಅಂದರೆ ಬಲಗೈ ಚಾಚಿದರು. ಆತುರದಲ್ಲಿ ನಾನೂ ಲಸಿಕೆ ಟ್ಯೂಬನ್ನು ಅಂಗೈಗೇ ಹಿಂಡಿಬಿಟ್ಟೆ. ತೀರ್ಥದ ಹಾಗೆ ಅರ್ಧ ಕುಡಿದು, ಉಳಿದರ್ಧ ಭಕ್ತಿಯಿಂದ ತಲೆಗೆ ಸವರಿಕೊಂಡರು.

"ಅಯ್ಯೋ ಅಜ್ಜಾ, ಅದು ಹೊಟ್ಟೆಗೆ ಕಣ್ರೀ!"

"ಇರ್ಲಿ ಬಿಡವ್ವಾ, ಮೇಲಿಂದ ಇಳೀತದೆ."

ಪಂಚನಹಳ್ಳಿ

ಲಸಿಕೆ ಪೆಟ್ಟಿಗೆ ಕಂಡರೆ ಜನಕ್ಕೆ ಪೋಲಿಯೊ ನೆನಪು. ಮೀಸೆ ಯಜಮಾನರೊಬ್ಬರು ಮೊಮ್ಮಗಳನ್ನು ಮುಂದೆ ತಳ್ಳಿ ತಾವು ಒಳಗೆ ನಡೆದರು. ದೊಡ್ಡವರಿಗೂ ಉಂಟು ಅಂದೆ. ಅವರ ಹೆಂಡತಿ ಹಿಂದಿನಿಂದ ಬಂದು ಗಂಡನ ಮೂಗು ಹಿಡಿದರು: "ಹಾಕಿ ಸಿಸ್ಟರ್, ಬೇಗ!"

ಗುರುತು ಹಾಕುವಾಗ ಯಜಮಾನರು ಮೆಲ್ಲಗೆ ಕೇಳಿದರು: "ಮಗೀಗೆ ಕೊಟ್ರಲ್ಲ ಪೆಪ್ಪರಮೆಂಟು, ನಂಗಿಲ್ವಾ?"

ಅಜ್ಜಂಪುರ

ಆ ಕೇರಿಯಲ್ಲಿ ಕೊನೆಗೆ ಉಳಿದವರು ಒಬ್ಬ ಮುಸ್ಲಿಂ ಅಜ್ಜಿ, ಎಲ್ಲರ ಬಾಯಲ್ಲೂ ನಾನಿ. ಪೆಟ್ಟಿಗೆಯಲ್ಲಿ ಉಳಿದಿದ್ದೂ ಒಂದೇ ಟ್ಯೂಬು. ಪಕ್ಕದ ಮನೆಯ ಇಬ್ಬರು ಆಗಲೇ ಆಸ್ಪತ್ರೆ ಸೇರಿದ್ದರು. ಕುಡಿಸದೆ ಹೋಗಲು ನನಗೆ ಧೈರ್ಯವಿಲ್ಲ. ನಾನಿಯೋ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಾಗಿಲಲ್ಲಿ ಭದ್ರವಾಗಿ ಕೂತಿದ್ದರು.

"ಕಹಿ ಇರ್ತದಾ ಬೇಟಿ?"

"ಏನೂ ಗೊತ್ತಾಗಲ್ಲ ನಾನಿ."

"ನೀನು ಕುಡ್ದಿದ್ದೀಯಾ?"

ನನ್ನ ಎಡಗೈ ಹಿಂದಕ್ಕೆ ಎಳೆದುಕೊಂಡೆ. ಓಡಾಟದಲ್ಲಿ ನನ್ನದು ಆಮೇಲೆ, ಆಮೇಲೆ ಅಂತ ಉಳಿದೇ ಹೋಗಿತ್ತು.

"ಮೊದ್ಲು ನೀನು ಕುಡಿ. ಆಮೇಲೆ ನನ್ ಮಾತು."

ಬೇಡಿದೆ, ರೇಗಿದೆ, ಕೈಮುಗಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇನ್ನೊಂದು ಟ್ಯೂಬು ಕಳಿಸಿ ಎಂದು ಆಸ್ಪತ್ರೆಗೆ ಫೋನ್ ಮಾಡಿ, ಇದನ್ನು ಸಿಟ್ಟಿನಿಂದ ನನ್ನ ಬಾಯಿಗೆ ಹಿಂಡಿಕೊಂಡೆ. ಮುಖ ಕಿವುಚಿದ್ದು ನೋಡಿ ಕೇರಿಯೆಲ್ಲ ಗೊಳ್ಳೆಂದಿತು.

"ಆಯ್ತಲ್ಲ? ಈಗ ನಿಮ್ಮ ಸರದಿ!"

ನಾನಿ ಸೆರಗಿನಿಂದ ಎಡಗೈ ಹೊರಗೆ ತೆಗೆದರು. ಬೆರಳ ಮೇಲೆ ಗುರುತು!

"ಮೊನ್ನೆ ತರೀಕೆರೇಲಿ ಮಗಳ ಮನೇಲೇ ನಂದಾಯ್ತು. ಒಂದೇ ಸಲ ಸಾಕು ಅಂತ ನೀನೇ ಕೂಗ್ಕೊಂಡು ಬಂದ್ಯಲ್ಲ? ಊರೋರ ಬೆರಳೆಲ್ಲ ನೋಡ್ತೀಯ. ನಿನ್ ಬೆರಳು ಯಾರು ನೋಡ್ಬೇಕು?"

ನನ್ನ ಬಾಯಿಗೊಂದು ಬೆಲ್ಲದ ಚೂರು ತುರುಕಿ ಕೈ ಚಾಚಿದರು.

"ಕೊಡಿಲ್ಲಿ ಆ ಪೆನ್ನು. ಯಾರೂ ಬಿಟ್ಟೋಗ್ಬಾರ್ದು."